ಉಳಿ

ಜೆಜು ದ್ವೀಪದ ಆಸ್ಪತ್ರೆ, ಮೂರನೆಯ ಮಹಡಿ.
ತಲೆಯೊಳಗೆ ರಕ್ತನಾಳ ಒಡೆದು ಮಲ್‌ಸುನ್ ಮಲಗಿದ್ದಾಳೆ.
ಗಂಟಲಲ್ಲಿ ಕೊಳವೆ.
ಪಕ್ಕದಲ್ಲೊಂದು ಯಂತ್ರ ಅವಳ ಬದಲು ಉಸಿರಾಡುತ್ತಿದೆ,
ನಿಮಿಷಕ್ಕೆ ಹದಿನಾಲ್ಕು,
ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಇವಳ ಉಸಿರು ಹೀಗಿರಲಿಲ್ಲ.
ಆರಾಳುದ್ದ ಕೆಳಗಿಳಿದು
ಎರಡು ನಿಮಿಷ ಕಾಣದೆ ಹೋಗಿ
ಆಮೇಲೆ ತೇಲುಬುರುಡೆಯ ಪಕ್ಕ ತಲೆಯೆತ್ತಿ
ಸಿಳ್ಳೆ ಹಾಕುತ್ತಿದ್ದಳು,
ಅಷ್ಟು ಹೊತ್ತಿನದೆಲ್ಲ ಒಂದೇ ಸಲ.
ಮಂಜಿನಲ್ಲಿ ಮುಖ ಕಾಣದ ದಿನ
ಸಿಳ್ಳೆಯಿಂದಲೇ ಎಣಿಸುತ್ತಿದ್ದೆವು ನಾವು:
ಹನ್ನೊಂದು ಹೆಂಗಸರು. ಹನ್ನೊಂದೂ ಬಂದವು.
ಅವಳದು ಮೂತಿ ಒಡೆದ ಕೆಟಲಿನ ಸಿಳ್ಳೆ.

ಕಾಗದ ಏನಾದರೂ ಇದೆಯೇ, ಡಾಕ್ಟರು ಕೇಳಿದರು.
ಇಲ್ಲ. ಆರೋಗ್ಯ ಕಚೇರಿಯ ಹುಡುಗಿ
ಫಾರಂ ಹಿಡಿದು ದಡಕ್ಕೆ ಬಂದ ದಿನ
ನಾನು ಸಹಿ ಮಾಡಿದೆ. ಅವಳು ಮಾಡಲಿಲ್ಲ.
ಕಡಲು ಶಾಂತವಾಗಿತ್ತು ಅವತ್ತು.
'ಸಾಯುವುದಕ್ಕೂ ಅರ್ಜಿ ಹಾಕಬೇಕೇನೇ ಚುನೋಕ್?' ಅಂದು
ನೀರಿಗಿಳಿದಳು.

ಹಾಗಾದರೆ ಮನೆಯವರಿಬ್ಬರು
ಅವಳ ಇಷ್ಟ ಇದೇ ಎಂದು ಒಂದೇ ಮಾತು ಹೇಳಬೇಕಂತೆ.
ಮಗಳು ಯೊನ್‌ಸಿಲ್ ಹೇಳಿದಳು: ಇದೆಲ್ಲ ಬೇಡ ಅಂದಿದ್ದಳು ಅಮ್ಮ.
ಮಗ ಗ್ಯೂಹ್ವಾನ್, ಮೊಸುಲ್‌ಪೊ ಬಸ್ಸಿನ ಡ್ರೈವರು,
ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ:
ನನ್ನ ಕಿವಿಗೆ ಬಿದ್ದಿಲ್ಲ. ಇನ್ನೊಂದು ದಿನ ನೋಡೋಣ.

ನನ್ನ ಕಿವಿಗೆ ಬಿದ್ದಿತ್ತು.
ದಡದ ಕಲ್ಲುಗೋಡೆಯೊಳಗೆ ಬೆಂಕಿ ಕಾಯಿಸುವಾಗ
ಹಲ್ಲು ಕಟಕಟಿಸುತ್ತ ಹೇಳಿದ್ದಳು:
ಇನ್ನೊಂದೇ ಒಂದು ಎಂದು ಕೈ ಚಾಚಿದವಳನ್ನು
ಕಡಲು ಇಟ್ಟುಕೊಳ್ಳುತ್ತದೆ.
ನನ್ನ ಉಸಿರು ಮುಗಿದಾಗ ಬಿಟ್ಟುಬಿಡಿ,
ಯಾರದೋ ಉಸಿರು ಕಡ ತಂದು ಕೆಳಗೇ ಇಡಬೇಡಿ.

ಆದರೆ ನಾನು ಮನೆಯವಳಲ್ಲ.
ಐವತ್ತೆಂಟು ವರ್ಷ ಪಕ್ಕದ ಬುರುಡೆ, ಅಷ್ಟೆ.
ಫಾರಮಿನಲ್ಲಿ ಅದಕ್ಕೆ ಖಾನೆಯಿಲ್ಲ.

ಸುಳ್ಳೇಕೆ, ಇಲ್ಲದ್ದೇ ಒಳ್ಳೆಯದಾಯಿತು ಅನಿಸಿತು.
ಮೂರು ದಿನ ಕಾರಿಡಾರಿನಲ್ಲಿ ಕೂತೆ,
ಉಸಿರೆತ್ತಲಿಲ್ಲ.
ಕೈ ಬೆಚ್ಚಗಿತ್ತಲ್ಲ ಅವಳದು.
ಬೆಚ್ಚಗಿನ ಕೈಯನ್ನು ಯಾರು ತಾನೇ ಬಿಟ್ಟಾರು?
ಇನ್ನೊಂದೇ ಒಂದು ದಿನ. ನನಗೂ.

ನಾಲ್ಕನೆಯ ರಾತ್ರಿ ಗ್ಯೂಹ್ವಾನ್ ಬಂದು ಕೂತ,
ಎರಡು ಕಾಗದದ ಲೋಟ, ಆರಿದ ಕಾಫಿ.
'ಚಿಕ್ಕಮ್ಮಾ, ಆ ಉಳಿಯ ಕಥೆ ಹೇಳಿ.'
ಗೊತ್ತಿದ್ದದ್ದೇ ಅವನಿಗೆ. ಅವನು ಹೊಟ್ಟೆಯಲ್ಲಿದ್ದ ವರ್ಷ
ಬಂಡೆ ಸಂದಿನ ಅಬಲೋನ್ ಚಿಪ್ಪಿನಡಿಗೆ
ಉಳಿ ತೂರಿಸಿದಳು ಅವನಮ್ಮ.
ಚಿಪ್ಪು ಕಚ್ಚಿಕೊಂಡಿತು. ಉಳಿಯ ಬಾರು ಮಣಿಕಟ್ಟಿಗೆ ಸುತ್ತಿದೆ,
ಎಳೆದಷ್ಟೂ ಬಿಗಿ.
ನಾನು ಇಳಿದು ಬಾರು ಕೊಯ್ದೆ.
ಮೇಲೆ ಬಂದು, ಸಿಳ್ಳೆ ಹಾಕಿ, ಕೆಮ್ಮಿ,
ಮೊದಲು ಕೇಳಿದ್ದು: ನನ್ನ ಉಳಿ ಎಲ್ಲೇ?
ಉಳಿ ಹೋದರೆ ಹೋಗಲಿ, ನೀನು ಉಳಿದೆಯಲ್ಲೇ ಅಂದರೆ
ಹೊಸದಾಗಿತ್ತು, ಎರಡು ದಿನದ ದುಡಿಮೆ ಅದು, ಅಂದಳು.
ನಲವತ್ತಾರು ವರ್ಷ ಪ್ರತಿ ಜಗಳದ ಕೊನೆಗೂ ಅದೇ:
ಮೊದಲು ನನ್ನ ಉಳಿ ಕೊಡು.

ಗ್ಯೂಹ್ವಾನ್ ನಗಲಿಲ್ಲ.
ಗಡಿಯಾರ ಬಿಚ್ಚಿ ಮಣಿಕಟ್ಟು ಉಜ್ಜಿಕೊಂಡ.
ನನ್ನ ಕಿವಿಗೂ ಬಿದ್ದಿತ್ತು ಚಿಕ್ಕಮ್ಮಾ, ಅಂದ.
ಹೋದ ಚಳಿಗಾಲ, ನನ್ನ ಬಸ್ಸಿನಲ್ಲೇ, ಮುಂದಿನ ಸೀಟಿನಲ್ಲಿ ಕೂತು.

ಬೆಳಿಗ್ಗೆ ಇಬ್ಬರೂ ಸಹಿ ಹಾಕಿದರು.
ಕೊಳವೆ ತೆಗೆಯುವಾಗ ಒಳಗೆ ಮನೆಯವರು ಮಾತ್ರ.
ನಾನು ಬಾಗಿಲಾಚೆ, ಜ್ಯೂಸ್ ಡಬ್ಬಿಯ ಯಂತ್ರದ ಪಕ್ಕ.
ಯಾವಾಗ ಬಿಗಿಹಿಡಿದೆನೋ ತಿಳಿಯದು.
ಎಪ್ಪತ್ತಾರಕ್ಕೆ ನನ್ನಲ್ಲಿ ಉಳಿದಿರುವುದು
ಒಂದು ನಿಮಿಷ, ಮೇಲೊಂದಿಷ್ಟು.
ಕಣ್ಣು ಕತ್ತಲಿಟ್ಟು ಬಿಟ್ಟಾಗ
ಸಿಳ್ಳೆ ಬಂತು.
ನಾಣ್ಯ ಹಾಕುತ್ತಿದ್ದ ಹುಡುಗ ತಿರುಗಿ ನೋಡಿದ.

ಒಂದು, ಎಂದು ಎಣಿಸಿದೆ.
ಇನ್ನೊಂದಕ್ಕೆ ಕಾದೆ, ರೂಢಿ.

ಉಳಿ ಇನ್ನೂ ಕೊಟ್ಟಿಲ್ಲ.