ಮೇಲಿನ ಮೆಟ್ಟಿಲು

ಪರಾಚೋದ ನನ್ನ ಅಂಗಡಿಗೆ ಹಿಲಾರಿಯೋನ್
ಗಿಟಾರು ತಂದದ್ದು ಮೆಕ್ಕೆಜೋಳದ ಚೀಲದಲ್ಲಿ.
"ಝರ್ ಅನ್ನುತ್ತೆ" ಎಂದ, ಅಷ್ಟೇ.

ತಂತಿ ಬಿಚ್ಚಿ ದೀಪದ ಕೆಳಗೆ ಹಿಡಿದೆ.
ಕೊರಳ ಹಲಗೆಯ ಮೊದಲ ಮೂರು ಮೆಟ್ಟಿಲು
ಹಗ್ಗ ಕೊರೆದ ಬಾವಿಕಟ್ಟೆ.
ನಡುವಿನ ಕರಿಮರದಲ್ಲಿ ಬೆರಳು ಮಲಗಿ ಎದ್ದ ತಗ್ಗು.
ಐದು ದಾಟಿದರೆ ಒಂದು ಗೀರಿಲ್ಲ,
ಹಿತ್ತಾಳೆಗೆ ಇನ್ನೂ ಅಂಗಡಿಯ ಹೊಳಪು.
ನಲವತ್ತು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಹಾಡಿದವನು
ಮಹಡಿ ಹತ್ತಿಯೇ ಇಲ್ಲ.

ಅರ ಹಾಕಿ ಸಮ ಮಾಡಬಹುದು, ಅಂದೆ.
ಆದರೆ ಸವೆದದ್ದು ಬೆಳೆಯುವುದಿಲ್ಲ,
ಸವೆಯದವೆಲ್ಲ ಅದರ ಮಟ್ಟಕ್ಕೆ ಇಳಿಯಬೇಕು.
ಹೊಸದಕ್ಕಾದರೆ ಇಷ್ಟು.
ಅವನು ಟೋಪಿಯೊಳಗೆ ಇಣುಕಿದ,
ದುಡ್ಡು ಅಲ್ಲಿದೆಯೇನೋ ಎಂಬಂತೆ.
"ಮೇಲಿನವು ದಂಡಕ್ಕೆ ಕೂತಿವೆ.
ಕಿತ್ತು ಕೆಳಗೆ ಹಾಕಮ್ಮ."

ಅಪ್ಪ ಇದ್ದಿದ್ದರೆ ಉಳಿ ಎಸೆಯುತ್ತಿದ್ದ.
ನಾನು ಕಾವು ಕೊಟ್ಟು, ಇಕ್ಕಳದಲ್ಲಿ ಮೆಲ್ಲಗೆ
ಹದಿನೇಳು,
ಹದಿನೆಂಟು,
ಹತ್ತೊಂಬತ್ತು.
ಮೇಲೆ ಹಲಗೆ ಅಗಲ; ತುದಿ ಕತ್ತರಿಸಬೇಕಾಯಿತು.
ಖಾಲಿ ಸೀಳುಗಳಿಗೆ ಮರದ ಹೊಟ್ಟು, ಅಂಟು.

ಬಾಗಿಲಲ್ಲೇ ನಿಂತು ನುಡಿಸಿದ. ಅವೇ ಮೂರು ಪಟ್ಟು,
ತೊಳೆದ ಗಾಜಿನಷ್ಟು ಶುಭ್ರ.
ಅದೂ ಸರಿಬರಲಿಲ್ಲ ಅವನಿಗೆ, ಹುಬ್ಬು ಗಂಟಿಕ್ಕಿತು.
ಮತ್ತೆ ಅದೇನು ತೋಚಿತೋ
ಕಿರುಬೆರಳು ಸರ್ರನೆ ಮೇಲೇರಿ
ಮೆಟ್ಟಿಲಿಲ್ಲದಲ್ಲಿ ಕಾಲಿಟ್ಟಿತು.

ಠಪ್.

ಇಬ್ಬರೂ ಆ ಜಾಗವನ್ನೇ ನೋಡುತ್ತ ನಿಂತೆವು.
"ಈಗ ನೋಡು, ಹತ್ತೋಣ ಅನ್ನಿಸ್ತದೆ" ಎಂದು
ಚೀಲ ಮಡಿಸಿ ಕಂಕುಳಲ್ಲಿಟ್ಟುಕೊಂಡ.