ಶೂ ಕಳಚು

ಜನವರಿ. ವಾರ್ದೆ ಊರಿಗೆ ಸೂರ್ಯ ಬರಲು ಇನ್ನೂ ಒಂಬತ್ತು ದಿನ.
ಬೆಳಗಿನ ಹತ್ತಕ್ಕೂ ಬಂದರಿನ ದೀಪಗಳು ಉರಿಯುತ್ತಲೇ ಇವೆ.
ನನ್ನ ಕೋಣೆಯಲ್ಲಿ ಒಂದು ತೂಕದ ಯಂತ್ರ,
ಗೋಡೆಗೆ ಅಂಟಿದ ಅಳತೆಪಟ್ಟಿ,
ಮತ್ತೆ ನಾನು, ಗುನ್‌ವೋರ್, ಶಾಲೆಯ ನರ್ಸ್.
ಇಪ್ಪತ್ತಮೂರು ವರ್ಷದಿಂದ ಎಂಟನೇ ತರಗತಿಗೆ ಒಂದೇ ಮಾತು:
ಶೂ ಕಳಚು, ಜಾಕೆಟ್ ಕಳಚು,
ಉಸಿರು ಬಿಗಿ ಹಿಡಿಯಬೇಡ, ಅದಕ್ಕೆ ತೂಕವಿಲ್ಲ.

ಯಂತ್ರದ ಮುಖವನ್ನು ನನ್ನ ಕಡೆ ತಿರುಗಿಸಿದ್ದೇನೆ.
ಆದರೂ ಕುತ್ತಿಗೆ ಚಾಚುತ್ತಾರೆ,
ಪಕ್ಕದ ಮನೆಯ ಜಗಳಕ್ಕೆ ಕಿಟಕಿ ತೆರೆದವರ ಹಾಗೆ.

ತಿರಿಲ್ ಬಂದಳು, ಅಣ್ಣನ ಸ್ವೆಟರಿನೊಳಗೆ ಅಡಗಿಕೊಂಡು.
ಅಪ್ಪ ಏಡಿ ತೂಗುವ ಕಟ್ಟೆಯಲ್ಲಿ ಕೆಲಸ.
ಬೇಸಿಗೆಯಲ್ಲಿ ಅಲ್ಲಿಯ ತಕ್ಕಡಿ ಹತ್ತಿದ್ದಳಂತೆ, ಸುಮ್ಮನೆ, ಆಟಕ್ಕೆ.
ಯಾರೋ ನಕ್ಕು, 'ಮೊದಲ ದರ್ಜೆ ಮಾಲು' ಅಂದರಂತೆ.
ಅಂದಿನಿಂದ ಫೋನಿನಲ್ಲಿ ಬಿಎಂಐ ಲೆಕ್ಕ,
ದಿನಕ್ಕೆ ಮೂರು ಸಲ, ದೇವರಿಗೆ ದೀಪ ಹಚ್ಚಿದ ಹಾಗೆ.

ಅವಳ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ.
ಬರೆದರೆ ನೀವು ನಿಮ್ಮದನ್ನು ಪಕ್ಕದಲ್ಲಿಟ್ಟು ನೋಡುತ್ತೀರಿ.

ನೋಡು ತಿರಿಲ್, ಅಂದೆ,
ಕಿಲೋವನ್ನು ಎತ್ತರದಿಂದ ಭಾಗಿಸು,
ಬಂದದ್ದನ್ನು ಮತ್ತೊಮ್ಮೆ ಎತ್ತರದಿಂದ ಭಾಗಿಸು. ಅಷ್ಟೇ.
ಮೂಳೆ ಎಷ್ಟು, ಸ್ನಾಯು ಎಷ್ಟು,
ಮುಂದಿನ ವರ್ಷದ ಎತ್ತರಕ್ಕೆಂದು ಮೈ ಈಗಲೇ ಕಟ್ಟಿಟ್ಟ
ಬುತ್ತಿ ಎಷ್ಟು,
ಭಾಗಾಕಾರಕ್ಕೆ ಏನು ಗೊತ್ತು?
ನಿನ್ನ ಫೋನು ನಿನ್ನನ್ನು ನಲವತ್ತರ ಹೆಂಗಸಿನ ಪಟ್ಟಿಯಲ್ಲಿ ಹುಡುಕುತ್ತಿದೆ.
ನಿನಗೆ ಹದಿಮೂರೂವರೆ.

ಪರದೆಯ ಮೇಲೆ ಅವಳ ಗೆರೆ ತೆರೆದೆ.
ನಾಲ್ಕರ ವಯಸ್ಸಿನಿಂದ ಚುಕ್ಕಿಯ ಹಿಂದೆ ಚುಕ್ಕಿ,
ಮೇಲಿನ ಗೆರೆಗಳಲ್ಲಿ ಒಂದನ್ನು ಹಿಡಿದು
ಹಟಮಾರಿ ಹಸುವಿನಂತೆ ಅದೇ ದಾರಿ ನಡೆದಿದೆ.
ಇದು ನಿನ್ನ ದಾರಿ, ಅಂದೆ. ತಪ್ಪಿಲ್ಲ.
ಅವಳು ನಂಬಿದಳೋ ಇಲ್ಲವೋ.
ಸ್ವೆಟರಿನ ತೋಳು ಮಾತ್ರ ಮೊಣಕೈವರೆಗೆ ಏರಿತ್ತು.

ಆಮೇಲೆ ಸಿಂದ್ರೆ.
ಜಿಲ್ಲೆಯ ಸ್ಕೀ ಓಟದಲ್ಲಿ ಮೂರನೆಯವನು, ನಗುಮುಖ,
ಕೇಳುವ ಮೊದಲೇ ಶೂ ಕಳಚಿದ.
ಅಂಕಿ ಬಂತು. ಒಳ್ಳೆಯ ಅಂಕಿ.
ಯಾವ ಕೋಷ್ಟಕವೂ ಕೆಂಪಗಾಗದ, ಯಾರೂ ಬೆರಳು ತೋರಿಸದ ಅಂಕಿ.
'ಸರಿ' ಎಂದು ಬರೆದು ಕಡತ ಮುಚ್ಚುವುದರಲ್ಲಿದ್ದೆ.
ಹೌದು, ಮುಚ್ಚುವುದರಲ್ಲಿದ್ದೆ.
ತಿರಿಲ್‌ಳ ಮೇಲೆ ಮಾತೆಲ್ಲ ಖರ್ಚಾಗಿತ್ತು.

ಸಹಿಗೆ ಪೆನ್ನು ಕೊಟ್ಟಾಗ ಅವನ ಬೆರಳು ತಾಗಿತು.
ಮಂಜುಗಡ್ಡೆಯಲ್ಲಿಟ್ಟ ಮೀನು.

ಗೆರೆ ತೆರೆದೆ.
ಹನ್ನೊಂದು ವರ್ಷ ನಡುದಾರಿ ಹಿಡಿದು ನಡೆದ ಚುಕ್ಕಿ
ಹನ್ನೆರಡರ ಚಳಿಗಾಲದಲ್ಲಿ ಕಾಲು ಜಾರಿ
ಒಂದು ಗೆರೆ ದಾಟಿತ್ತು. ಇನ್ನೊಂದನ್ನೂ.
ಎತ್ತರ ನಾಲ್ಕು ಸೆಂಟಿಮೀಟರ್ ಹೆಚ್ಚು,
ತೂಕ ಕಳೆದ ವರ್ಷಕ್ಕಿಂತ ಕಡಿಮೆ.
ಬೆಳೆಯುವ ಮೈ ತನ್ನನ್ನೇ ತಿಂದು ಬೆಳೆಯುತ್ತಿತ್ತು,
ಮನೆಯ ಜಂತಿ ಮುರಿದು ಒಲೆಗಿಟ್ಟ ಹಾಗೆ.

ಊಟದ ಡಬ್ಬಿ?
'ಸಮುದ್ರ ಹಕ್ಕಿಗಳಿಗೆ' ಅಂದ, ನಗುತ್ತಲೇ.
ಎಂದಿನಿಂದ?
'ಹಗುರಾದೆ, ಚೆನ್ನಾಗಿದೆ ಅಂತ ಕೋಚ್ ಅಂದಾಗಿನಿಂದ.'
ಸ್ವಲ್ಪ ತಡೆದು, 'ಅಜ್ಜಿಯೂ ಅಂದಳು.'

ಮಾತಿಗೂ ತೂಕವಿರುತ್ತದೆ.
ಅದನ್ನು ತೂಗುವ ಯಂತ್ರ ಈ ಶಾಲೆಯಲ್ಲಿಲ್ಲ.
ಅಳೆದು ಸುರಿದು ನಾನು ಹೇಳಬಲ್ಲದ್ದು ಇಷ್ಟೇ ಇತ್ತು:
ನೀನು ತಪ್ಪು ಮಾಡಿಲ್ಲ.
ಇವತ್ತು ಅಮ್ಮನಿಗೆ ಫೋನ್ ಮಾಡುತ್ತೇನೆ,
ಈ ವಾರವೇ ಡಾಕ್ಟರು ನೋಡಲಿ, ನಾನೂ ಜೊತೆಗೆ ಬರುತ್ತೇನೆ.
'ಕೋಚ್‌ಗೆ ಹೇಳಬೇಡಿ.'
ಕೊನೆಗೆ ಹೇಳೋಣ. ಇಬ್ಬರೂ ಕೂತು ಹೇಳೋಣ.

ಅವನು ಬಾಗಿ ಲೇಸು ಕಟ್ಟಲು ನೋಡಿದ.
ಬೆರಳು ಮರಗಟ್ಟಿ ಗಂಟು ನಿಲ್ಲಲಿಲ್ಲ,
ಎರಡು ಸಲ, ಮೂರು ಸಲ.
ನಗು ಆಗ ಹೋಯಿತು.
ನಾನು ಕುರ್ಚಿ ಸರಿಸಿ, ನೆಲಕ್ಕೆ ಮಂಡಿಯೂರಿ,
ಹದಿಮೂರರ ಹುಡುಗನ ಶೂ ಕಟ್ಟಿದೆ.
ಬಾಗಿಲ ಆಚೆ ಮುಂದಿನವರು ಯಾರೋ
ಆಗಲೇ ಶೂ ಕಳಚಿ ಕಾಯುತ್ತಿದ್ದರು.