ಐದು ಎಂದು ಓದಿಕೊಳ್ಳತಕ್ಕದ್ದು

ಬಳ್ಳಾರಿಯ ಕೋರ್ಟಿನಲ್ಲಿ ಹತ್ತೊಂಬತ್ತು ವರ್ಷದಿಂದ
ಬೇರೆಯವರ ಮಾತು ನನ್ನ ಬೆರಳಲ್ಲಿ.
ಸಾಹೇಬರು ಹೇಳುತ್ತಾರೆ, ನಾನು ಹೊಡೆಯುತ್ತೇನೆ.
ಅಲ್ಪವಿರಾಮಗಳು ಮಾತ್ರ ನನ್ನವು.

ಎರ್ರೆಪ್ಪ, ವಯಸ್ಸು ಇಪ್ಪತ್ತಾರು,
ಕೌಲ್ ಬಜಾರಿನ ಜೀನ್ಸ್ ಘಟಕದಲ್ಲಿ ಜೇಬು ಹೊಲಿಯುವವನು.
ಬರೀ ಜೇಬು. ಪ್ಯಾಂಟು ಪೂರ್ತಿಯಾಗುವುದನ್ನು
ಅವನು ಕಂಡದ್ದು ಅಂಗಡಿಯ ಗಾಜಿನಾಚೆ.
ಪಾಳಿ ಮುಗಿದ ಮೇಲೆ ಗೋಣಿಚೀಲದಲ್ಲಿ ಹೊತ್ತೊಯ್ದದ್ದು
ಹೊಲಿಗೆ ಮೆಷಿನ್ನಿನ ತಲೆಗಳು.
ದೋಷಾರೋಪ ಪಟ್ಟಿಯಲ್ಲಿ ಐದು.
ಅವನ ಬಾಯಲ್ಲಿ ಮೂರು.

ಜಾಮೀನು ಸಿಕ್ಕಿತ್ತು. ನಿಲ್ಲುವವರು ಪಹಣಿ ತರಬೇಕಿತ್ತು.
ಅವನ ಬಳಗದಲ್ಲಿ ಪಹಣಿಯಲ್ಲಿ ಹೆಸರಿದ್ದವರು ಯಾರೂ ಇರಲಿಲ್ಲ.
ಹನ್ನೊಂದು ತಿಂಗಳಲ್ಲಿ
ಉಗುರಿನ ನೀಲಿ ಪೂರಾ ಬಿಟ್ಟಿತ್ತು.

ಕಾನೂನು ನೆರವಿನ ವಕೀಲರು ಶೇಕ್ಷಾವಲಿ
ವರಾಂಡದಲ್ಲಿ ಕೂತು ಲೆಕ್ಕ ಹೇಳಿದರು:
ನೋಡಪಾ, ಕೆಲಸದಾಳು ಕದ್ದರೆ ಏಳು ವರ್ಷದ ತನಕ ಐತಿ.
ಮೊದಲನೇ ತಪ್ಪು, ನೀನಾಗಿ ಒಪ್ಪಿಕೊಂಡರೆ
ಆರರಲ್ಲಿ ಒಂದು ಪಾಲಿಗೆ ಇಳಿಸಬಹುದು, ಹದಿನಾಲ್ಕು ತಿಂಗಳು.
ಹನ್ನೊಂದು ಒಳಗೇ ಕಳೆದೀಯ. ಉಳಿದದ್ದು ಮೂರು.

ಮೂರು ಅಂದಾಗ ತಲೆಯೆತ್ತಿದ.
ಅದಲ್ಲ, ತಿಂಗಳು, ಅಂದರು ವಕೀಲರು.

ಇಲ್ಲ ವಾದ ಮಾಡ್ತೀನಿ ಅಂದರೆ ಮಾಡು.
ಪಂಚರು ಬರಬೇಕು. ತನಿಖೆ ಮಾಡಿದ ಪಿಎಸ್ಐಗೆ ವರ್ಗವಾಗೇತಿ.
ಎಷ್ಟು ಬೇಸಿಗೆ ಹಿಡೀತದೋ, ಇದು ಬಳ್ಳಾರಿ,
ಬೇಸಿಗೆ ಮಾತ್ರ ಎಣಿಸಬೇಡ.

ಚೌಕಾಶಿ ಎಂಬ ಪದ ಕಾನೂನಿನದು, ನನ್ನದಲ್ಲ.
ಸರ್ಕಾರಿ ವಕೀಲೆ, ಪೊಲೀಸು, ಮಾಲೀಕ ಗಾದಿಲಿಂಗಪ್ಪ, ಇವನು,
ಒಂದೇ ಮೇಜು, ಒಂದು ಕುರ್ಚಿ ಕಡಿಮೆ.
ಐದಕ್ಕೆ ಐವತ್ತು ಸಾವಿರ ಕೊಡಲಿ.
ಮೂರರ ದುಡ್ಡು ಕೊಡ್ತೀನ್ರಿ.
ಐದು ಅಂತ ಒಪ್ಪಿದರೆ ಮೂವತ್ತೈದಕ್ಕೆ ಬಿಡ್ತೀನಿ.
ಬ್ರೂಸ್‌ಪೇಟೆಯಲ್ಲಿ ಸೀರೆಗೆ ನಾನೂ ಹೀಗೇ ಎದ್ದು ಹೊರಟಂತೆ ಮಾಡುತ್ತೇನೆ.
ಎದ್ದು ಹೊರಡುವಂತೆ ಮಾಡಲು
ಅವನ ಕೈ ಪೇದೆಯ ಕೈಯಲ್ಲಿತ್ತು.
ಅಕ್ಕ ಸಂಘದಲ್ಲಿ ಸಾಲ ಎತ್ತಿದಳು.

ಆಮೇಲೆ ಬಾಗಿಲು ಹಾಕಿದರು.
ಒಪ್ಪಿಗೆ ತಾನಾಗಿ ಬಂದದ್ದೋ ಎಂದು
ಸಾಹೇಬರು ಅವನೊಬ್ಬನನ್ನೇ ಕೇಳಬೇಕು, ನಿಯಮ ಹಾಗಿದೆ.
ಫ್ಯಾನು, ನಾನು, ಗಡಿಯಾರ.

ಯಾರಾದರೂ ಹೆದರಿಸಿದರಾ?
ಇಲ್ಲ ಸ್ವಾಮಿ.
ಆಸೆ ತೋರಿಸಿದರಾ?
ಇದಕ್ಕೆ ತುಸು ಹೊತ್ತು ಹಿಡಿಯಿತು.
ಮೂರು ತಿಂಗಳು ಅಂದರು ಸ್ವಾಮಿ.
ಅದು ಆಸೆಯಲ್ಲಪ್ಪಾ, ಕಾನೂನು.

ನಮ್ಮ ಸಾಹೇಬರು ಕೆಟ್ಟವರಲ್ಲ.
ಕನ್ನಡಕ ತೆಗೆದಿಟ್ಟು ಮತ್ತೊಮ್ಮೆ ಕೇಳಿದರು,
ಎಷ್ಟು ತಗೊಂಡೆ, ನಿಜ ಹೇಳು,
ಅಲ್ಲ ಅಂದರೆ ಇಲ್ಲಿಗೇ ನಿಲ್ಲಿಸಿ ವಿಚಾರಣೆಗೆ ಹಚ್ಚುತ್ತೇನೆ,
ನೀನು ಇಲ್ಲಿ ಒಪ್ಪಿದ್ದನ್ನ ಅಲ್ಲಿ ಯಾರೂ ಎತ್ತುವಂತಿಲ್ಲ.
ಬಾಗಿಲು ನಿಜಕ್ಕೂ ತೆರೆದಿತ್ತು. ನಾನು ಬೆರಳು ಎತ್ತಿಕೊಂಡು ಕೂತೆ.

ಎರ್ರೆಪ್ಪ ಗೋಡೆಯ ಕ್ಯಾಲೆಂಡರ್ ನೋಡಿದ.
ಐದು, ಸ್ವಾಮಿ.

'ಆರೋಪಿಯು ಸ್ವಇಚ್ಛೆಯಿಂದ' ಎಂದು ಶುರುವಾಗುವ ಸಾಲನ್ನು
ಕಣ್ಣುಮುಚ್ಚಿ ಹೊಡೆಯಬಲ್ಲೆ.
ಹದಿನಾಲ್ಕು ತಿಂಗಳು ಸಜೆ, ಕಳೆದ ದಿನಗಳು ವಜಾ,
ಪರಿಹಾರ ಮೂವತ್ತೈದು ಸಾವಿರ,
ಈ ತೀರ್ಪಿಗೆ ಮೇಲ್ಮನವಿ ಇಲ್ಲ.
ಹೆಬ್ಬೆರಳಿಗೆ ಸ್ಟ್ಯಾಂಪ್ ಪ್ಯಾಡಿನಿಂದ ಮತ್ತೆ ನೀಲಿ ಹತ್ತಿತು.
ಕರಡು ಪ್ರತಿಯಲ್ಲಿ ನಾನು ಮೂರು ಎಂದೇ ಹೊಡೆದಿದ್ದೆ,
ಬೇಕಂತಲ್ಲ, ಕಿವಿಯಲ್ಲಿ ಉಳಿದದ್ದು ಬೆರಳಿಗೆ ಇಳಿದಿತ್ತು.
ಸಾಹೇಬರು ಕೆಂಪು ಶಾಯಿಯಲ್ಲಿ ತಿದ್ದಿದರು.
ನನ್ನ ಮುಖ ನೋಡಲಿಲ್ಲ.

ಸಂಜೆ ಆಟೋ ಕೌಲ್ ಬಜಾರಿನ ಮೇಲೆ ಹೋಗುತ್ತದೆ.
ಚರಂಡಿಯಲ್ಲಿ ನೀಲಿ ನೀರು, ಮನೆಮನೆಯ ಒಳಗಿಂದ
ಮೆಷಿನ್ನುಗಳ ಒಂದೇ ಸಮ ಸದ್ದು.
ಅವುಗಳಲ್ಲಿ ಆ ಇನ್ನೆರಡು ಇವೆಯೋ,
ಇದ್ದವೇ ಇಲ್ಲವೋ.
ಎಣಿಸಲು ನೋಡುತ್ತೇನೆ.
ಆಟೋ ನಿಲ್ಲುವುದಿಲ್ಲ.